ಪೇಪರ್ ಹೊಟ್ಟೆನೋವು

ಹಳೇ ಸಾಗುವಾನಿ ಬೀರುವಿನ ಡ್ರಾಯರ್ ಎಳೆದಾಗ ಬರುವ ವಾಸನೆಯನ್ನು ನಾನು ಕಣ್ಣುಮುಚ್ಚಿ ಗುರುತಿಸಬಲ್ಲೆ. ನುಸಿಗುಳಿಗೆ, ಜಿರಲೆ, ಒಣಗಿದ ಪಾಲಿಶ್, ಇವೆಲ್ಲದರ ಅಡಿಯಲ್ಲಿ ಹಾಸಿದ ನ್ಯೂಸ್‌ಪೇಪರ್ ಹಪ್ಪಳದಂತೆ ಗರಿಗರಿಯಾಗಿ ಬಿಡುವ ಒಂದು ಹುಳಿ ವಾಸನೆ. ಒಡೆಯುವ ಮನೆಗಳ ಬಾಗಿಲು, ಕಿಟಕಿ, ಬೀರು, ಮಂಚ ಕೊಂಡು ಮಾರುವುದು ನನ್ನ ಕಸುಬು. ಇದರಲ್ಲೇ ತಲೆ ನರೆತಿದೆ, ಇದರಲ್ಲೇ ಸ್ವಂತ ಸೂರು ಮಾಡಿಕೊಂಡಿದ್ದೇನೆ. ಹೋದ ತಿಂಗಳು ಇಂದಿರಾನಗರದಲ್ಲಿ ಒಂದು ಹಳೇ ಬಂಗಲೆಗೆ ಹೋಗಿದ್ದೆ. ಅಲ್ಲಿ ಪಬ್ ಬರುತ್ತಂತೆ. ನಿಮಗೂ ಒಂದು ಮಾತು ಹೇಳಿಬಿಡುತ್ತೇನೆ, ಉಪಯೋಗಕ್ಕೆ ಬರುತ್ತೆ: ಹಳೇ ಬೀರು ನೋಡಲು ಹೋದಾಗ ಮೊದಲು ಅದರ ಕಡೆ ನೋಡಬೇಡಿ. ಪಕ್ಕದಲ್ಲಿರುವ ಕೆಲಸಕ್ಕೆ ಬಾರದ ಸ್ಟೂಲಿನ ಬಗ್ಗೆ ಕಾಲು ಗಂಟೆ ಮಾತಾಡಿ. ಬೇಕು ಅನ್ನುವುದು ಮುಖದಲ್ಲಿ ಕಂಡರೆ ಕೆಲಸ ಕೆಟ್ಟಿತು. ನಾನೂ ಹಾಗೇ ಮಾಡುತ್ತಿದ್ದೆ. ಕೊನೆಗೆ ಏನೋ ಬೇಸರದಿಂದ ಎಂಬಂತೆ ಡ್ರಾಯರ್ ಎಳೆದೆ. ತಳದ ಪೇಪರಿನ ಮೂಲೆಯಲ್ಲಿ ಎರಡೇ ಸಾಲು: 'ತೀವ್ರ ಹೊಟ್ಟೆನೋವು ತಾಳಲಾರದೆ ಗೃಹಿಣಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡ ಘಟನೆ ವರದಿಯಾಗಿದೆ.' ಮನೆ ಮಾರುತ್ತಿದ್ದ ಹುಡುಗ ಏನೋ ರೇಟು ಹೇಳಿದ. ನಾನು ಹೂಂ ಅಂದುಬಿಟ್ಟೆ. ಇಷ್ಟು ವರ್ಷದಲ್ಲಿ ಮೊದಲ ಮಾತಿಗೇ ಹೂಂ ಅಂದದ್ದು ಅವತ್ತೊಂದೇ ದಿನ.

ಮರ್ಫಿ ಟೌನಿನಲ್ಲಿ ನಮ್ಮ ಮನೆ ಇದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ ಎದ್ದಿದೆ. ಆಗ ಅದು ಒಂದು ಉದ್ದನೆಯ ಕೋಣೆ, ಒಂದು ಅಡುಗೆಮನೆ, ಬೀದಿಗೆ ಚಾಚಿದ ಒಂದು ಜಗಲಿ. ಕೆಂಪು ನೆಲದ ಮೇಲೆ ಬೇಸಿಗೆಯ ಮಧ್ಯಾಹ್ನ ಬೆನ್ನು ಕೊಟ್ಟು ಮಲಗಿದರೆ ಸಿಗುತ್ತಿದ್ದ ತಂಪು ಇನ್ನೂ ನನ್ನ ಬೆನ್ನಿನಲ್ಲಿದೆ. ಅಪ್ಪ ಶಿಫ್ಟ್ ಕೆಲಸದವರು, ಮನೆಯಲ್ಲಿದ್ದರೆ ನಿದ್ದೆಯಲ್ಲೇ ಇರುತ್ತಿದ್ದರು. ಅಮ್ಮ ಅಡುಗೆಮನೆಯಿಂದ ಹೊರಗೆ ಬರುತ್ತಿದ್ದದ್ದು ಕಡಿಮೆ. ಜಗಲಿ ಮಾತ್ರ ಅಜ್ಜಿಯ ರಾಜ್ಯ. ಅಪ್ಪನ ತಾಯಿ ಆಕೆ. ಬೆಳಗ್ಗೆ ಬುಟ್ಟಿ ಹೊತ್ತು ಹಲಸೂರಿನ ಬೀದಿ ಬೀದಿ ಸುತ್ತಿ, ಹಳೇ ಸೀರೆ ಪಡೆದು ಸ್ಟೀಲ್ ಪಾತ್ರೆ ಕೊಟ್ಟು ಬರುವುದು ಅವಳ ವ್ಯಾಪಾರ. ಒಂದು ಅಕ್ಷರ ಬಾರದು. ಆದರೆ ಸೀರೆಯ ಅಂಚನ್ನು ಹೆಬ್ಬೆರಳಲ್ಲಿ ಉಜ್ಜಿ ಆ ಮನೆಯಲ್ಲಿ ಯಾರು ಸುಖವಾಗಿದ್ದಾರೆ, ಯಾರು ಇಲ್ಲ ಅಂತ ಹೇಳಿಬಿಡುತ್ತಿದ್ದಳು. ನನ್ನ ಇಡೀ ವಿದ್ಯೆ ಅವಳದೇ.

ಪೇಪರ್ ನಮ್ಮ ಮನೆಗೆ ಮಧ್ಯಾಹ್ನ ಮೂರಕ್ಕೆ ಬರುತ್ತಿತ್ತು. ಅದು ಎದುರಿನ ಸೆಲೂನಿನದು. ಗಿರಾಕಿಗಳೆಲ್ಲ ಓದಿ ಮುಗಿದ ಮೇಲೆ ಸೆಲೂನಿನ ಮುರುಗೇಶಣ್ಣ ನನ್ನನ್ನು ಕೂಗುತ್ತಿದ್ದರು. "ಬಾ ಪಾಪಾ, ಎತ್ಕೊಂಡು ಹೋಗು. ಮಂತ್ರಿಗಳ ಮುಖಕ್ಕೆಲ್ಲ ನಾನೇ ಮೀಸೆ ಬರೆದು ಇಟ್ಟಿದ್ದೀನಿ." ಮಡಿಕೆಗಳಲ್ಲಿ ಕತ್ತರಿಸಿದ ಕೂದಲ ಚೂರು, ಪೌಡರಿನ ಘಮ, ಎಲ್ಲೋ ಒಂದು ಕಡೆ ನೊರೆಯ ಕಲೆ. ಜಗಲಿಯ ಮೇಲೆ ಅದನ್ನು ಒದರಿ, ಹರವಿ, ಗಟ್ಟಿಯಾಗಿ ಓದುತ್ತಿದ್ದವಳು ರತ್ನತ್ತೆ, ಅಪ್ಪನ ತಂಗಿ. ಎಸ್ಸೆಸ್ಸೆಲ್ಸಿ ಮುಗಿಸಿ ಟೈಲರಿಂಗ್ ಕಲಿಯುತ್ತಿದ್ದಳು. ನನಗೆ ಅಕ್ಷರ ಕೂಡಿಸುವುದು ಕಲಿಸಿದ್ದು ಅವಳೇ, ಅದೂ ಸಣ್ಣ ಸುದ್ದಿಗಳ ಕಾಲಮಿನಲ್ಲಿ ಬೆರಳಿಟ್ಟು. "ಒಂದು ಪದಾನೂ ಹಾರಿಸ್ಬಾರ್ದು ಲಲ್ಲಿ. ಹಾರಿಸಿದ್ರೆ ಅದೇ ನಿನ್ನ ಹಿಂದೆ ಬಂದು ಕಚ್ಚುತ್ತೆ" ಅನ್ನುತ್ತಿದ್ದಳು.

ಆ ಕಾಲಮಿನಲ್ಲಿ ಹೊಟ್ಟೆನೋವು ಅನ್ನುವ ಮಾತು ವಾರಕ್ಕೆ ಎರಡು ಸಲವಾದರೂ ಸಿಗುತ್ತಿತ್ತು. ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ ನೆನಪಿರಬೇಕು. ಮದುವೆಯಾದ ಹೆಣ್ಣುಮಗಳು, ಇಪ್ಪತ್ತೋ ಇಪ್ಪತ್ತೆರಡೋ ವಯಸ್ಸು, ತೀವ್ರ ಹೊಟ್ಟೆನೋವು, ಜೀವನದಲ್ಲಿ ಜಿಗುಪ್ಸೆ, ಮುಗಿಯಿತು. ನಾನು ಅದನ್ನು ಇದ್ದ ಹಾಗೇ ನಂಬಿದ್ದೆ. ಹೊಟ್ಟೆನೋವು ಅಂದರೆ ಕಾಲರಾಕ್ಕಿಂತ ದೊಡ್ಡ ರೋಗ ಅಂದುಕೊಂಡಿದ್ದೆ. ಅಜ್ಜಿ ಮಾತ್ರ ಆ ಪದ ಬಂದ ತಕ್ಷಣ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸುತ್ತಿದ್ದಳು. ಅವಳದು ಒಂದೇ ಪ್ರಶ್ನೆ: "ಮದುವೆಯಾಗಿ ಎಷ್ಟು ದಿನ ಆಗಿತ್ತಂತೆ?" ರತ್ನತ್ತೆ ಹೇಳುತ್ತಿದ್ದಳು. ಅಜ್ಜಿ ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿ, ಮತ್ತೆ ಎಲೆ ಮಡಿಸುತ್ತಿದ್ದಳು. ಒಂದು ಸಲ ಅತ್ತೆ ನಕ್ಕು, "ಅಮ್ಮಾ, ಈ ಹೊಟ್ಟೆನೋವು ಬಲು ಜಾಣ ಕಣೇ. ಅತ್ತೆ ಮನೆ ಅಡ್ರೆಸ್ ಕೇಳ್ಕೊಂಡೇ ಬರುತ್ತೆ. ತವರುಮನೇಲಿರೋ ಒಬ್ಬಳಿಗಾದ್ರೂ ಬಂದಿದೆಯಾ ನೋಡು" ಅಂದಳು. ಅಜ್ಜಿ ನಗಲಿಲ್ಲ. ಇನ್ನೊಂದು ದಿನ ನಾನು ಹಸಿ ಹುಣಸೆಕಾಯಿ ತಿಂದು ಹೊಟ್ಟೆ ಹಿಡಿದುಕೊಂಡು, ಸಾಯುತ್ತೇನೆ ಅಂತ ಗೋಳಾಡಿದಾಗ, ಅಜ್ಜಿ ಓಂಕಾಳು ಬಾಯಿಗೆ ಹಾಕಿ, "ಸುಮ್ನಿರೇ. ನಿನ್ನದು ಹುಣಸೆ ಹೊಟ್ಟೆನೋವು. ಪೇಪರ್ ಹೊಟ್ಟೆನೋವೇ ಬೇರೆ" ಅಂದಳು. ಅಲ್ಲಿಂದ ನಮ್ಮ ಮನೆಯಲ್ಲಿ ಹೊಟ್ಟೆನೋವು ಎರಡಾಯಿತು. ಎರಡನೆಯದು ಏನು ಅಂತ ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ಅದಕ್ಕೆ ಓಂಕಾಳು ಸಾಲದು ಅನ್ನುವಷ್ಟು ತಿಳಿದಿತ್ತು.

ನಾನು ಐದನೇ ಕ್ಲಾಸಿಗೆ ಬಂದಾಗ ರತ್ನತ್ತೆಯ ಮದುವೆಯಾಯಿತು. ಹುಡುಗ ಚಂದ್ರಶೇಖರ, ಯಾವುದೋ ಆಫೀಸಿನಲ್ಲಿ ಗುಮಾಸ್ತ, ಮನೆ ವಿಮಾನಪುರದಲ್ಲಿ. ಮನೆಯಲ್ಲಿ ಅವನೂ ಅವನ ತಾಯಿಯೂ ಇಬ್ಬರೇ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಾದರೂ ಅತ್ತೆ ಬರುವುದು ಕಡಿಮೆಯಾಗುತ್ತಾ ಹೋಗಿ ಆಮೇಲೆ ನಿಂತೇಹೋಯಿತು. ಸ್ಕೂಟರ್ ಕೊಡಿಸುತ್ತೇವೆ ಅಂದಿದ್ದೆವಂತೆ, ಕೊಡಿಸಲಿಲ್ಲವಂತೆ, ಅದು ದೊಡ್ಡವರು ತಗ್ಗಿದ ದನಿಯಲ್ಲಿ ಆಡಿಕೊಳ್ಳುತ್ತಿದ್ದ ಮಾತು. ಅತ್ತೆಯ ಬದಲಿಗೆ ಅವಳ ಪೋಸ್ಟ್ ಕಾರ್ಡು ಬರುತ್ತಿತ್ತು. ಈಗ ಮೂರು ಗಂಟೆಯ ಓದು ನನ್ನ ಪಾಲಿಗೆ ಬಂದಿತ್ತು, ಕಾರ್ಡಿನ ಓದೂ ನನ್ನದೇ. ಎದುರು ಬೀದಿಯಲ್ಲಿ ಕುಂಟೆಬಿಲ್ಲೆಗೆ ಗೆಳತಿಯರು ಕಾಯುತ್ತಿರುವಾಗ ಅಜ್ಜಿಗೆ ಎಲ್ಲ ಓದಿ ಹೇಳುವ ತಾಳ್ಮೆ ಯಾರಿಗಿದೆ? ಬೇಗ ಮುಗಿಸುವ ಉಪಾಯ ನಾನು ಕಂಡುಕೊಂಡಿದ್ದೆ. ಸಾಲು ಹಾರಿಸುತ್ತಿದ್ದೆ.

ಒಂದು ಸೋಮವಾರ ಬಂದ ಕಾರ್ಡಿನಲ್ಲಿ ಹೀಗಿತ್ತು: 'ಇಲ್ಲಿ ಎಲ್ಲರೂ ಕ್ಷೇಮ. ನನಗೆ ಈಚೆಗೆ ಹೊಟ್ಟೆನೋವು. ಮೂರು ಗಂಟೆಗೆ ಪೇಪರ್ ಓದುವಾಗ ನನ್ನನ್ನು ನೆನೆಯಿರಿ.' ನಾನು ಮೊದಲನೆಯದನ್ನು ಓದಿದೆ, ಮೂರನೆಯದನ್ನು ಓದಿದೆ. ನಡುವಿನದು ಬೇಸರದ ಸಾಲು, ದಿನಾ ಓದುವ ಪದ, ಬಿಟ್ಟೆ. "ನೋಡು, ಅಲ್ಲಿದ್ರೂ ನಿನ್ನ ಓದೇ ನೆನಪು ಅವಳಿಗೆ" ಅಂತ ಅಜ್ಜಿ ನಗುತ್ತಾ ಕಾರ್ಡನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು.

ಶುಕ್ರವಾರ ಪೇಪರಿನಲ್ಲಿ ಮತ್ತೆ ಆ ಪದ ಬಂತು. ಯಾವುದೋ ಬಡಾವಣೆಯ ಯಾರೋ ಹೆಣ್ಣುಮಗಳು. ಓದುತ್ತಾ ಓದುತ್ತಾ, "ನಮ್ಮ ರತ್ನತ್ತೆಗೂ ಹೊಟ್ಟೆನೋವಂತೆ ಅಜ್ಜಿ" ಅಂದೆ, ಸುಮ್ಮನೆ, ಮಾತಿಗೆ ಮಾತು ಸೇರಿಸುವ ಹಾಗೆ. ಅಜ್ಜಿಯ ಕೈಯಿಂದ ಅಡಕತ್ತರಿ ಜಾರಿ ಜಗಲಿಯ ಕಲ್ಲಿಗೆ ಬಡಿದ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. "ಯಾರು ಹೇಳಿದ್ದು? ಯಾವಾಗ?" ಕಾರ್ಡು ತರಿಸಿದಳು. ನಡುವಿನ ಸಾಲನ್ನು ಮೂರು ಸಲ ಓದಿಸಿದಳು. ಅವಳ ಮುಖದ ಮೇಲಿನ ಬಣ್ಣ ಇಳಿಯುತ್ತಿರುವುದು ಕಂಡಾಗಲೇ ನನಗೆ ಗೊತ್ತಾದದ್ದು, ಅದು ಹುಣಸೆಯದಲ್ಲ. ಕಾರ್ಡನ್ನು ಡಬ್ಬಕ್ಕೆ ಹಾಕುವ ಮೊದಲು ಆ ಮನೆಯಲ್ಲಿ ಓದುತ್ತಿದ್ದರು. ಅವರಿಗೆ ಬರೀ ಕಾಯಿಲೆಯಾಗಿ ಕಾಣುವ, ನಮಗೆ ಮಾತ್ರ ಅರ್ಥವಾಗುವ ಒಂದು ಪದವನ್ನು ಅತ್ತೆ ಆರಿಸಿ ಬರೆದಿದ್ದಳು. ಐದು ದಿನ ಅದು ಪಟದ ಹಿಂದೆ ಕೂತಿತ್ತು.

ಅಜ್ಜಿ ನನ್ನನ್ನು ಬೈಯಲೇ ಇಲ್ಲ. ಮುಖ ತೊಳೆದಳು, ಒಳ್ಳೆಯ ಸೀರೆ ಉಟ್ಟಳು, ಅವತ್ತಿನ ಪೇಪರನ್ನು ಮಡಿಸಿ ಚೀಲಕ್ಕಿಟ್ಟಳು, ನನ್ನ ಕೈ ಹಿಡಿದು ಬಸ್ ಹತ್ತಿದಳು. ದಾರಿಯುದ್ದಕ್ಕೂ ಒಂದೇ ಮಾತು: "ಅಲ್ಲಿ ಅಳ್ಬೇಡ. ನಾನು ಓದು ಅಂದಾಗ ಓದು."

ವಿಮಾನಪುರದ ಆ ಮನೆಯ ಹಾಲಿನಲ್ಲಿ ಅಗರಬತ್ತಿಯ ಹೊಗೆ ದಟ್ಟವಾಗಿತ್ತು. ರತ್ನತ್ತೆ ನೀರು ತಂದುಕೊಟ್ಟಳು. ಸೆಖೆಯಲ್ಲೂ ಸೆರಗನ್ನು ಎಡಗೈಗೆ ಮಣಿಕಟ್ಟಿನವರೆಗೆ ಸುತ್ತಿಕೊಂಡಿದ್ದಳು. ನನ್ನ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. ಅವಳ ಬದುಕಿದ್ದ ಮುಖ ಕಂಡು ನನಗೆ ಅಳು ಬಂತು, ನುಂಗಿಕೊಂಡೆ. ಚಂದ್ರಶೇಖರನ ತಾಯಿ ಕುರ್ಚಿಯಲ್ಲಿ ಕೂತು, "ಏನು ಬೀಗ್ರೇ, ಹೇಳ್ದೇ ಕೇಳ್ದೇ?" ಅಂದರು.

"ಏನಿಲ್ಲ ಬೀಗ್ರೇ, ಮಗಳಿಗೆ ಹೊಟ್ಟೆನೋವಂತಲ್ಲ. ನೋಡ್ಕೊಂಡು ಹೋಗೋಣ ಅಂತ."

"ಹೊಟ್ಟೆನೋವಾ? ಮೂರೊತ್ತೂ ಚೆನ್ನಾಗೇ ತಿಂತಾಳಲ್ಲ. ನಮಗೇನೂ ಕಾಣ್ಲಿಲ್ಲಪ್ಪ."

"ಅದೇ ನೋಡಿ ಇದರ ಕೆಟ್ಟ ಗುಣ. ಜೊತೇಲಿರೋರ ಕಣ್ಣಿಗೆ ಕಾಣಲ್ಲ. ಆಮೇಲೆ ಪೇಪರ್ನಲ್ಲಿ ಬರುತ್ತೆ. ಇವತ್ತೂ ಬಂದಿದೆ. ಲಲ್ಲಿ, ಓದಮ್ಮ."

ನಾನು ಎದ್ದು ನಿಂತು, ಸ್ಕೂಲಿನಲ್ಲಿ ಪದ್ಯ ಒಪ್ಪಿಸುವ ಹಾಗೆ ಓದಿದೆ. 'ತೀವ್ರ ಹೊಟ್ಟೆನೋವು ತಾಳಲಾರದೆ.' ಒಂದು ಪದವನ್ನೂ ಹಾರಿಸಲಿಲ್ಲ. ಓದಿ ಮುಗಿದಾಗ ಹೊರಗಡೆ ಎಲ್ಲೋ ವಿಮಾನ ಇಳಿಯುತ್ತಿತ್ತು. ಕುರ್ಚಿಯಲ್ಲಿದ್ದ ಹೆಂಗಸು ಅಜ್ಜಿಯನ್ನೇ ನೋಡುತ್ತಿದ್ದರು. ಇಬ್ಬರಿಗೂ ಆ ಪದ ಗೊತ್ತಿತ್ತು. ಇಬ್ಬರಿಗೂ ಗೊತ್ತಿದೆ ಅನ್ನುವುದೂ ಇಬ್ಬರಿಗೂ ಗೊತ್ತಾಯಿತು.

"ಹಲಸೂರಲ್ಲಿ ನಮ್ಮ ಡಾಕ್ಟ್ರಿದಾರೆ. ಕರ್ಕೊಂಡು ಹೋಗ್ತೀನಿ" ಅಂದಳು ಅಜ್ಜಿ. ಬುಟ್ಟಿಯೆದುರು ಕೂತು ಪಾತ್ರೆಗೆ ಸೀರೆ ಕೇಳುವ ದನಿಯೇ ಅದು.

"ಕರ್ಕೊಂಡು ಹೋಗಿ. ವಾಪಸ್ ಕಳಿಸೋದೂ ಬೇಡ. ಒಡವೆ, ಪಾತ್ರೆ ಇಲ್ಲೇ ಇರುತ್ತೆ. ಆದ್ರೆ ಯಾರು ಕೇಳಿದ್ರೂ ಹೊಟ್ಟೆನೋವು ಅಂತಲೇ ಹೇಳ್ಬೇಕು. ನಾಳೆ ನನ್ನ ಮಗನಿಗೂ ಸಂಸಾರ ಬೇಕಲ್ಲ. ಬೇರೆ ಮಾತು ನನ್ನ ಕಿವಿಗೆ ಬೀಳ್ಬಾರ್ದು. ಈ ಮಗು ತಲೆ ಮುಟ್ಟಿ ಆಣೆ ಇಡಿ."

ಅಜ್ಜಿಯ ಅಂಗೈ ನನ್ನ ನೆತ್ತಿಯ ಮೇಲೆ ಬಂತು. ಬಿಸಿಯಾಗಿತ್ತು, ಸುಣ್ಣದ ವಾಸನೆಯಿತ್ತು. ನಾನು ಅಲುಗಾಡಲಿಲ್ಲ. "ಹೊಟ್ಟೆನೋವು ಅಂತಲೇ ಹೇಳ್ತೀವಿ" ಅಂದಳು.

ಅತ್ತೆ ಉಟ್ಟ ಸೀರೆಯಲ್ಲೇ ನಮ್ಮ ಜೊತೆ ಬಂದಳು. ನಾನು ಬೆಳೆದ ಮೇಲೆ ಎಷ್ಟೋ ಜನರ ಜೊತೆ ಚೌಕಾಸಿ ಮಾಡಿದ್ದೇನೆ, ಬಿಲ್ಡರುಗಳ ಜೊತೆ, ಲಾಯರುಗಳ ಜೊತೆ. ಅಂಥ ಚೌಕಾಸಿ ಇನ್ನೊಂದನ್ನು ನೋಡಿಲ್ಲ. ಕೈಯಲ್ಲಿ ಏನೂ ಇಲ್ಲದ ಒಬ್ಬ ಮುದುಕಿ, ಎರಡು ಸಾಲಿನ ಸುದ್ದಿ ಹಿಡಿದುಕೊಂಡು ಹೋಗಿ ಮಗಳನ್ನು ಜೀವಂತ ಬಿಡಿಸಿಕೊಂಡು ಬಂದಳು. ಕೊಟ್ಟದ್ದು ಒಂದೇ ಒಂದು ಪದ. ಆದರೆ ನಾನು ಈ ಕಸುಬಿನಲ್ಲಿ ಸವೆದು ಕಲಿತದ್ದು ಒಂದಿದೆ, ಕೇಳಿ: ಎರಡು ಕಡೆಯವರೂ ಗೆದ್ದೆವು ಅಂದುಕೊಂಡು ಎದ್ದು ಹೋದರೆ, ಅಲ್ಲಿ ಇಲ್ಲದ ಮೂರನೆಯವರು ಯಾರು ಅಂತ ಹುಡುಕಿ. ಸೋತವರು ಎಲ್ಲೋ ಇದ್ದೇ ಇರುತ್ತಾರೆ.

ಆ ಚಳಿಗಾಲದಲ್ಲಿ ಮೂರನೆಯವರು ನಮ್ಮ ಮನೆಗೇ ಬಂದರು. ಅವರೇಕಾಯಿಯ ಕಾಲ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಕೈಯಲ್ಲಿ ಬಟ್ಟೆಯ ಚೀಲ ತುಂಬ ಸೊನೆ ಅವರೆ. ಕೆ.ಆರ್. ಪುರದಾಚೆಯ ಹಳ್ಳಿಯವರು. ಚಂದ್ರಶೇಖರನ ಕಡೆಯವರು ಅವರ ಮಗಳನ್ನು ಕೇಳಿದ್ದರಂತೆ. ಒಂದು ಮಾತು ವಿಚಾರಿಸಿಕೊಂಡು ಹೋಗೋಣ ಅಂತ ಅಡ್ರೆಸ್ ಹುಡುಕಿ ಬಂದಿದ್ದರು. ಜಗಲಿಯ ಅಂಚಿನಲ್ಲಿ ಮುದುರಿ ಕೂತು, ಚೀಲವನ್ನು ಅಜ್ಜಿಯ ಕಡೆ ತಳ್ಳಿದರು. ಅಮ್ಮ ಅದನ್ನು ಒಳಗೆ ತಂದು ಮೊರಕ್ಕೆ ಸುರಿದಳು. ಸೊನೆಯ ಆ ಘಮ, ಎಣ್ಣೆ ಮತ್ತು ಹಸಿರು ಬೆರೆತದ್ದು, ಇಡೀ ಮನೆ ತುಂಬಿತು. ಬಾಗಿಲ ಹಿಂದೆ ರತ್ನತ್ತೆಯೂ ನಾನೂ ಕಿವಿಯಿಟ್ಟು ಕೂತೆವು.

"ನೋಡಿ ತಾಯಿ, ನಾನು ಓದಿಲ್ಲದ ಮನುಷ್ಯ" ಅಂದರು ಅವರು. "ಉಡುಗ ಸರಿ ಇದಾನೆ ಅಂತಾರೆ. ನಿಮ್ ಮಗೀನ ಯಾಕ್ ಬಿಟ್ಟ ಅಂತ ಮಾತ್ರ ಏಳ್ಬುಡಿ. ನನ್ಗೂ ಒಬ್ಳೇ ಮಗ್ಳು, ತಾಯಿ ಇಲ್ಲದ್ದು."

ಅಜ್ಜಿ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು. ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ಅವಳು ತಿರುಗಿ ನನ್ನನ್ನು ನೋಡಿದಳು, ನನ್ನ ಕಣ್ಣನ್ನಲ್ಲ, ನನ್ನ ತಲೆಯನ್ನು. "ಅವಳಿಗೆ ಹೊಟ್ಟೆನೋವು ಕಣಪ್ಪ" ಅಂದಳು.

"ಒಟ್ಟೆನೋವಾ!" ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. "ಅಷ್ಟೇಯಾ? ಅಯ್ಯೋ, ನಾನು ಏನೇನೋ ಅಂದ್ಕಂಡ್ ಬಂದಿದ್ದೆ. ನಮ್ ಮಗ್ಳು ಗಟ್ಟಿ, ಕಲ್ಲು ತಿಂದ್ರೂ ಅರಗಿಸ್ತಾಳೆ." ಕೈ ಮುಗಿದು ಎದ್ದರು.

ಅವರು ತಿರುವು ದಾಟಿದ ಮೇಲೆ ಅತ್ತೆ ಆ ಖಾಲಿ ಚೀಲವನ್ನು ನನ್ನ ಕೈಗೆ ತುರುಕಿದಳು. ಅಜ್ಜಿಗೆ ಕೇಳದ ಹಾಗೆ ಹೇಳಿದಳು: "ಓಡು ಲಲ್ಲಿ. ಚೀಲ ಮರೆತ್ರಿ ಅಂತ ಕೊಡು. ಕೊಟ್ಟು, 'ಅದು ಪೇಪರ್ ಹೊಟ್ಟೆನೋವು, ನಮ್ಮತ್ತೆ ಕೈ ಮೇಲೆ ಸುಟ್ಟ ಗಾಯ ಇದೆ' ಅಂತ ಹೇಳು. ಅಷ್ಟೇ ಹೇಳು, ಸಾಕು." ಆಣೆ ಇಟ್ಟವಳು ಅಜ್ಜಿ, ಅತ್ತೆಯಲ್ಲ. ಅವಳು ಹಾಗೆ ಲೆಕ್ಕ ಹಾಕಿರಬೇಕು. ತಲೆ ನನ್ನದು ಅನ್ನುವುದು ಆ ಗಡಿಬಿಡಿಯಲ್ಲಿ ಅವಳಿಗೆ ಹೊಳೆಯಲಿಲ್ಲ.

ನಾನು ಓಡಿದೆ. ಅವರು ಬಸ್‌ಸ್ಟಾಪಿನಲ್ಲಿ ಬೀಡಿ ಹಚ್ಚುತ್ತಾ ನಿಂತಿದ್ದರು. ಚೀಲ ಕೊಟ್ಟೆ. "ಅಯ್ಯೋ, ಇದಕ್ಕೋಸ್ಕರ ಓಡ್ ಬಂದ್ಯಾ ಕಂದ?" ಅಂದರು. ನಾನು ಬಾಯಿ ತೆರೆದೆ. ನೆತ್ತಿಯ ಮೇಲೆ ಆ ಬಿಸಿ ಅಂಗೈ ಇನ್ನೂ ಇದ್ದಂತಿತ್ತು. ಹೇಳಿದರೆ ತಲೆ ಅಲ್ಲೇ ಸಿಡಿದುಹೋಗುತ್ತೆ ಅಂತ ನಾನು ನಿಜವಾಗಿ ನಂಬಿದ್ದೆ. ಬಸ್ ಬಂತು. ಅವರು ನನ್ನ ತಲೆ ಸವರಿ ಹತ್ತಿದರು. ಮನೆಗೆ ಬಂದು ಅತ್ತೆಗೆ, "ಹೇಳಿದೆ" ಅಂದೆ. ಅವತ್ತು ಎಲ್ಲರೂ ಕೂತು ಅವರೇಕಾಯಿ ಸುಲಿದೆವು. ಎಷ್ಟೋ ದಿನದ ಮೇಲೆ ಅತ್ತೆ ಸಣ್ಣಗೆ ಹಾಡು ಗುನುಗುತ್ತಿದ್ದಳು.

ಮುಂದಿನ ಅವರೇಕಾಯಿಯ ಹೊತ್ತಿಗೆ ಪೇಪರಿನಲ್ಲಿ ಬಂತು. ಓದುತ್ತಿದ್ದವಳು ನಾನು. 'ವಿಮಾನಪುರ ನಿವಾಸಿ ಚಂದ್ರಶೇಖರ ಎಂಬುವರ ಪತ್ನಿ ಯಶೋದ (20) ಎಂಬಾಕೆ ತೀವ್ರ ಹೊಟ್ಟೆನೋವು ತಾಳಲಾರದೆ.' ಆ ಹುಡುಗಿಯ ಹೆಸರು ನಮಗೆ ಗೊತ್ತಾದದ್ದೇ ಹಾಗೆ. ಬರೆದ ವರದಿಗಾರರ ಮೇಲೆ ನನಗೆ ಸಿಟ್ಟಿಲ್ಲ. ಅವರು ಪೊಲೀಸರು ಹೇಳಿದ್ದನ್ನು ಬರೆದರು, ಪೊಲೀಸರು ಮನೆಯವರು ಹೇಳಿದ್ದನ್ನು ಬರೆದುಕೊಂಡರು, ಮನೆಯವರು ಎಲ್ಲರೂ ಹೇಳುವುದನ್ನೇ ಹೇಳಿದರು. ಪೇಪರಿಗಿಂತ ಒಂದು ವರ್ಷ ಮೊದಲೇ ಆ ವರದಿಯನ್ನು ನಮ್ಮ ಜಗಲಿಯ ಮೇಲೆ ಕೂತು ನಾವೇ ಕೊಟ್ಟಿದ್ದೆವು. ಅಜ್ಜಿ ಅವತ್ತು ಮದುವೆಯಾಗಿ ಎಷ್ಟು ದಿನ ಅಂತ ಕೇಳಲಿಲ್ಲ. ಮಾರನೆಯ ದಿನ ಮುರುಗೇಶಣ್ಣ ಮೂರು ಗಂಟೆಗೆ ಕೂಗಿದಾಗ, "ಬೇಡ ಅಂತ ಹೇಳು" ಅಂದಳು. ಬುಟ್ಟಿ ಹೊತ್ತು ಹೋಗುವುದನ್ನೂ ಆ ವರ್ಷವೇ ಬಿಟ್ಟಳು. ಹೆಚ್ಚು ದಿನ ಬದುಕಲಿಲ್ಲ.

ರತ್ನತ್ತೆ ಮೂರು ದಿನ ಅನ್ನ ಮುಟ್ಟಲಿಲ್ಲ. "ಹೇಳಿದ್ರೂ ಕೊಟ್ರಲ್ಲ ಲಲ್ಲಿ, ಹೇಳಿದ್ರೂ ಕೊಟ್ರಲ್ಲ" ಅಂತ ಒಂದೇ ಸಮನೆ ಅನ್ನುತ್ತಿದ್ದಳು. ನಾಲ್ಕನೆಯ ದಿನ ಒಬ್ಬಳೇ ಕೆ.ಆರ್. ಪುರದ ಬಸ್ ಹತ್ತಿ, ಆ ಹಳ್ಳಿ ಹುಡುಕಿಕೊಂಡು ಹೋದಳು. ಸಂಜೆ ಬಂದು ಜಗಲಿಯ ಮೇಲೆ ನನ್ನ ಪಕ್ಕ ಕೂತಳು. ಅವಳ ಸೀರೆಯಿಂದ ಧೂಳಿನ ವಾಸನೆ ಬರುತ್ತಿತ್ತು.

"ಅವರು ಯಾರನ್ನೂ ಬೈಲಿಲ್ಲ ಕಣೇ. ಒಂದೇ ಮಾತು ಹೇಳಿದ್ರು. 'ಆ ಮಗು ಬಸ್‌ಸ್ಟಾಪಿಗೆ ಓಡ್ ಬಂದಿತ್ತಲ್ಲಮ್ಮ, ಏನೋ ಏಳಕ್ಕೆ ಬಾಯಿ ತೆಗೀತು. ಬಸ್ ಬಂತು ಅಂತ ನಾನು ಅತ್ಬುಟ್ಟೆ. ನಿಂತು ಕೇಳ್ಬೇಕಾಗಿತ್ತು. ತಪ್ಪು ನಂದು' ಅಂದ್ರು."

ನನ್ನ ಕಡೆ ತಿರುಗಿ ನೋಡಲಿಲ್ಲ ಅವಳು. ನಾನೂ ತಲೆ ಎತ್ತಲಿಲ್ಲ. ಆಮೇಲೆ ಎಷ್ಟೋ ವರ್ಷ ನಾವಿಬ್ಬರೂ ಒಂದೇ ಸೂರಿನಡಿ ಬಾಳಿದೆವು. ಅವಳು ಹೊಲಿದು ನನ್ನನ್ನು ಓದಿಸಿದಳು, ನನ್ನ ಮೊದಲ ಅಂಗಡಿಗೆ ಪರದೆ ಹೊಲಿದುಕೊಟ್ಟಳು, ನನ್ನ ಮಕ್ಕಳನ್ನು ಎತ್ತಿ ಆಡಿಸಿದಳು. ಆ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ. ಹೋದ ವರ್ಷ ತೀರಿಕೊಂಡಳು, ನಿದ್ದೆಯಲ್ಲಿ, ಯಾವ ನೋವೂ ಇಲ್ಲದೆ. ಆದರೆ ಹಳ್ಳಿಯಿಂದ ಬಂದು ಆ ಮಾತು ಹೇಳಿದ ಸಂಜೆ ನಾವಿಬ್ಬರೂ ಜಗಲಿಯ ಮೇಲೇ ಕೂತಿದ್ದೆವು. ಎದುರಿನ ಸೆಲೂನಿನಲ್ಲಿ ದೀಪ ಹತ್ತಿತು. ಅವಳು ಎದ್ದು ಒಳಗೆ ಹೋಗಿ, ತಟ್ಟೆಗೆ ಅನ್ನ ಹಾಕಿಕೊಂಡು ಬಂದು, ಮೊದಲ ತುತ್ತನ್ನು ನನ್ನ ಬಾಯಿಗಿಟ್ಟಳು.